ಹಳೆಯ ರೆಡ್‌ಆಕ್ಸೈಡ್ ನೆಲದ ಮೇಲೆ ಸೆರಾಮಿಕ್ ಟೈಲ್ಸ್: ಕಲ್ಯಾಣಪುರದ ಒಂದು ಅಡುಗೆಮನೆಯ ಕೆಲಸದ ವಿವರ

ಉಡುಪಿಗೆ ಹತ್ತಿರ, ಸುವರ್ಣಾ ನದಿಯ ಬದಿಯ ಕಲ್ಯಾಣಪುರದಲ್ಲಿರುವ ನಮ್ಮ ಮನೆ ಮುರಕಲ್ಲಿನ ಗೋಡೆ, ಹಂಚಿನ ಮಾಡು, ರೆಡ್‌ಆಕ್ಸೈಡ್ ನೆಲ ಇರುವ ಹಳೆಯ ಮಾದರಿಯದು. ಚಾವಡಿಯ ನೆಲ ಇಂದಿಗೂ ಕನ್ನಡಿಯಂತೆ ಹೊಳೆಯುತ್ತದೆ. ಅದನ್ನು ಮುಟ್ಟುವ ಯೋಚನೆಯೇ ಇರಲಿಲ್ಲ. ಅಡುಗೆಮನೆಯದು ಮಾತ್ರ ಒಲೆಯ ಬದಿಯಲ್ಲಿ ಬಿರುಕುಬಿಟ್ಟು, ತೊಳೆಯುವ ಕಲ್ಲಿದ್ದ ಮೂಲೆಯಲ್ಲಿ ಬಣ್ಣ ಎದ್ದು, ಮಳೆಗಾಲದಲ್ಲಿ ಅಂಟುಅಂಟಾಗುತ್ತಿತ್ತು. ಹನ್ನೆರಡು ಅಡಿ ಅಗಲ, ಹತ್ತು ಅಡಿ ಆಳದ ಈ ಕೋಣೆಗೆ ಸೆರಾಮಿಕ್ ಟೈಲ್ಸ್ ಹಾಕುವುದೆಂದು ತೀರ್ಮಾನಿಸಿ, ಹಳೆಯ ನೆಲವನ್ನು ಅಗೆಯದೆ ಅದರ ಮೇಲೆಯೇ ಟೈಲ್ಸಿನ ಅಂಟು (ಪಾಲಿಮರ್ ಬೆರೆಸಿದ ಸಿಮೆಂಟಿನ ಪುಡಿ) ಬಳಸಿ ಹಾಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕರಾವಳಿಯ ಹಳೆಯ ಮನೆಗಳಲ್ಲಿ ಟೈಲ್ಸ್ ಏಳುವುದಕ್ಕೆ ಸಾಮಾನ್ಯವಾಗಿ ಟೈಲ್ಸಿನ ಗುಣಮಟ್ಟ ಕಾರಣವಲ್ಲ, ಅದರ ಕೆಳಗಿನ ತೇವ ಮತ್ತು ಪೊಳ್ಳು ಕಾರಣ ಎಂಬುದು ನನ್ನ ಅಭಿಪ್ರಾಯ. ಈ ಕೆಲಸದ ಬಹುಪಾಲು ಶ್ರಮವೂ ಆ ಎರಡನ್ನು ಇಲ್ಲವಾಗಿಸುವುದಕ್ಕೇ ಹೋಯಿತು.

ಅಗೆಯದಿರುವುದಕ್ಕೆ ಮುಖ್ಯ ಕಾರಣ ಎತ್ತರ. ನಮ್ಮಲ್ಲಿ ರೂಢಿಯಲ್ಲಿರುವಂತೆ ಸಿಮೆಂಟು-ಹೊಯಿಗೆಯ ಗಾರೆಯನ್ನು ಒಂದೂವರೆ ಎರಡು ಇಂಚು ಹರಡಿ ಅದರ ಮೇಲೆ ಟೈಲ್ಸ್ ಕೂರಿಸಿದರೆ ಅಡುಗೆಮನೆ ಚಾವಡಿಗಿಂತ ಎದ್ದು ನಿಲ್ಲುತ್ತದೆ. ಹಲಸಿನ ಮರದ ಬಾಗಿಲು ತೆರೆಯುವುದಿಲ್ಲ. ನೆಲವನ್ನು ಅಗೆದು ತಗ್ಗಿಸೋಣವೆಂದರೆ ಹಳೆಯ ಮುರಕಲ್ಲಿನ ಪಂಚಾಂಗದ (ಅಡಿಪಾಯದ ಕಟ್ಟಡದ) ಒಳಗೆ ತುಂಬಿದ ಮಣ್ಣು ಅಲುಗಾಡಿ, ಗಟ್ಟಿಯಾಗಿ ಕುಳಿತ ನೆಲವನ್ನು ನಾವೇ ಸಡಿಲಿಸಿದಂತಾಗುತ್ತದೆ. ಅಂಟಿನ ತೆಳು ಹಾಸಿನಲ್ಲಾದರೆ ಟೈಲ್ಸಿನ 9 ಮಿ.ಮೀ. ಮತ್ತು ಅಂಟಿನ ನಾಲ್ಕೈದು ಮಿ.ಮೀ. ಸೇರಿ ಅರ್ಧ ಇಂಚಿನಷ್ಟೇ ಏರಿಕೆ. ಬಾಗಿಲಿನ ಕೆಳಅಂಚನ್ನು ಆಚಾರಿಗಳು ಅಷ್ಟು ಕೆತ್ತಿಕೊಟ್ಟರು.

ಕೆಲಸಕ್ಕೆ ನೆರವಾದ ಪಕ್ಕದ ಮನೆಯ ಹಿರಿಯ ಮೇಸ್ತ್ರಿಗಳಿಗೆ ಈ ಅಂಟಿನ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. “ಗಾರೆ ಹಾಕಿ ಮೇಲಿಂದ ಸಿಮೆಂಟು ತಿಳಿ ಎರೆದರೆ ಸಾಕು ಮಾರಾಯ್ರೇ, ನಾವು ಎಷ್ಟು ಮನೆಗೆ ಹಾಕ್ಲಿಲ್ಲ?” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸೆರಾಮಿಕ್ ನೆಲದ ಟೈಲ್ಸ್ ತನ್ನ ತೂಕದ ಶೇಕಡಾ 3ರಿಂದ 6ರಷ್ಟು ನೀರನ್ನು ಹೀರುವ ವರ್ಗಕ್ಕೆ ಸೇರಿದ್ದು, ಅದರ ಬೆನ್ನಿನ ಸಣ್ಣ ರಂಧ್ರಗಳಿಗೆ ಸಿಮೆಂಟು ತಿಳಿ ಇಳಿದು ಕಚ್ಚಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಅದಕ್ಕೆ ಬರಿಯ ಸಿಮೆಂಟು ಹಿಡಿಯುವುದು ಕಷ್ಟ. ಸುಟ್ಟ ಮಣ್ಣು ನೀರು ಕುಡಿಯುವ ಬಗೆ ನಮ್ಮ ಕಡೆಯವರಿಗೆ ಹೊಸತೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರುಗಳು ಮಾಡಿನ ಮೇಲೆ ಅದನ್ನೇ ನೋಡುತ್ತ ಬಂದಿವೆ. ಹಾಗಾಗಿ ಮೇಸ್ತ್ರಿಗಳು ಟೈಲ್ಸನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು ಹಾಕುವ ಪದ್ಧತಿ ಗಾರೆಯ ಕೆಲಸಕ್ಕೆ ಸರಿಯಾದದ್ದೇ: ಒಣ ಟೈಲ್ಸ್ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಸಿಮೆಂಟು ಬಲಿಯುವುದಿಲ್ಲ. ಪಾಲಿಮರ್ ಬೆರೆಸಿದ ಅಂಟಿಗೆ ಈ ಕ್ರಮ ತಿರುಗುಮುರುಗು. ನೀರನ್ನು ಹಿಡಿದಿಡುವ ಗುಣ ಅಂಟಿನಲ್ಲಿಯೇ ಇರುವುದರಿಂದ ಟೈಲ್ಸನ್ನು ನೆನೆಸಬಾರದು. ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಹಾಕಿದರಾಯಿತು. ಬಕೆಟ್ಟನ್ನು ಅಂಗಳಕ್ಕೆ ಸಾಗಿಸುವವರೆಗೆ ಈ ಚರ್ಚೆ ಮುಂದುವರಿದಿತ್ತು.

ಸಾಮಗ್ರಿ ತರುವ ಮೊದಲು ತೇವವನ್ನು ಪರೀಕ್ಷಿಸಿದೆವು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ನೆಲದ ಬೇರೆ ಬೇರೆ ಕಡೆ ಹರಡಿ, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಗೆದು ನೋಡುವುದು ಇದರ ಸುಲಭ ವಿಧಾನ. ನಡುವೆ ಮತ್ತು ಬಾಗಿಲ ಬಳಿ ಹಾಳೆ ಒಣಗಿಯೇ ಇತ್ತು. ಮೂಡು ಬದಿಯ ಗೋಡೆಯ ಬುಡದಲ್ಲಿ ಮಾತ್ರ ಹಾಳೆಯ ಒಳಮೈಯಲ್ಲಿ ಸಾಸಿವೆ ಗಾತ್ರದ ಹನಿಗಳು ಸಾಲುಗಟ್ಟಿದ್ದವು. ಅದರ ಕೆಳಗಿನ ರೆಡ್‌ಆಕ್ಸೈಡ್ ಕಪ್ಪಿಟ್ಟಿತ್ತು. ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ವರ್ಷವರ್ಷವೂ ತೆಂಗಿನ ಬುಡಕ್ಕೆ ಹಾಕಿದ ಮಣ್ಣು ಜಾರಿ ಬಂದು, ಆ ಬದಿಯ ಅಂಗಳ ಪಂಚಾಂಗದ ಮೇಲಂಚಿಗಿಂತಲೂ ಮೇಲೇರಿತ್ತು. ಮುರಕಲ್ಲು ರಂಧ್ರಗಳಿಂದ ಕೂಡಿದ ಕಲ್ಲು. ತಗಲಿದ ಮಣ್ಣಿನ ತೇವವನ್ನು ಮೇಲಕ್ಕೆಳೆಯುತ್ತದೆ, ತೇವದೊಡನೆ ಉಪ್ಪೂ ಬರುತ್ತದೆ. ಹಳೆಯ ಮನೆಗಳ ಪಂಚಾಂಗದಲ್ಲಿ ಅದನ್ನು ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನಿಂದ ನೀರು ನಿರೋಧಕ ಬಣ್ಣ ಬಳಿಯುವ ಸಲಹೆಯನ್ನು ಒಬ್ಬಿಬ್ಬರು ಕೊಟ್ಟರಾದರೂ, ಹಾಗೆ ಮಾಡಿದರೆ ತೇವ ಗೋಡೆಯಲ್ಲಿ ಇನ್ನಷ್ಟು ಮೇಲೇರುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆದ್ದರಿಂದ ಹೊರಗಿನ ಮಣ್ಣನ್ನು ಒಂದಡಿಯಷ್ಟು ತೆಗೆದು, ಮಾಡಿನ ನೀರು ಬೀಳುವಲ್ಲಿ ತೋಡಿನ ಕಡೆಗೆ ಹರಿಯುವಂತೆ ಕಣಿ ಮಾಡಿ, ಕೋಣೆಯ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಕೆಲವು ವಾರ ಕಾದೆವು. ಮತ್ತೆ ಹಾಳೆ ಅಂಟಿಸಿದಾಗ ಹನಿ ಕಾಣಲಿಲ್ಲ. ಈ ಕಾಯುವಿಕೆಗೆ ಬೇಸಗೆಯೇ ಬೇಕು; ಕೆಲಸವನ್ನು ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಮುಗಿಸಲೇಬೇಕೆಂದು ಮೊದಲೇ ನಿರ್ಧರಿಸಿದ್ದು ಇದಕ್ಕಾಗಿ.

ರೆಡ್‌ಆಕ್ಸೈಡ್ ನೆಲದ ಹೊಳಪೇ ಅಂಟಿಗೆ ಶತ್ರು. ತೆಂಗಿನೆಣ್ಣೆ, ಮೇಣ, ಸಾಬೂನು, ಅಡುಗೆಮನೆಯ ಜಿಡ್ಡು ಇವೆಲ್ಲ ದಶಕಗಳಿಂದ ಇಳಿದ ನೆಲದ ಮೇಲೆ ನೀರಿನ ಹನಿ ಬಿಟ್ಟರೆ ಅದು ಕೆಸುವಿನ ಎಲೆಯ ಮೇಲಿದ್ದ ಹಾಗೆ ಉರುಳುತ್ತದೆ. ನೀರು ಹಿಡಿಯದ ನೆಲಕ್ಕೆ ಅಂಟೂ ಹಿಡಿಯುವುದಿಲ್ಲ. ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಉಜ್ಜಿ ತೊಳೆದ ಮೇಲೆ, ಉಳಿ ಸುತ್ತಿಗೆಗಳಿಂದ ಎರಡೆರಡು ಇಂಚಿಗೆ ಒಂದರಂತೆ ಕಚ್ಚು ಹಾಕಿ, ಉಳಿದ ಹೊಳಪನ್ನು ಕೈಯಲ್ಲಿ ಹಿಡಿದು ಉಜ್ಜುವ ಗ್ರೈಂಡರಿಗೆ ಕಪ್ ಬ್ಲೇಡ್ ಹಾಕಿ ಕೆರೆದೆವು. ಇದು ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ. ಮನೆಯ ಪಾತ್ರೆಗಳಿಗೆಲ್ಲ ಕೆಂಪು ಧೂಳು. ಸಿಮೆಂಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಅದಕ್ಕೆಂದೇ ಇರುವ ಮಾಸ್ಕ್ ಬೇಕು. ಅನಂತರ ಮರದ ಹಿಡಿಯಿಂದ ನೆಲವನ್ನು ಬಡಿಯುತ್ತ ಹೋಗಿ, ಡಬ್ ಎಂಬ ಸದ್ದು ಬಂದ ಒಲೆಯ ಬದಿಯ ಜಾಗವನ್ನು ಗಟ್ಟಿ ನೆಲ ಸಿಗುವವರೆಗೆ ಕಿತ್ತು, ಹೊಸ ಗಾರೆಯಿಂದ ತುಂಬಿದೆವು.

ಹಿಂದಿನವರು ಅಡುಗೆಮನೆಯನ್ನು ನೀರು ಹೊಯ್ದು ತೊಳೆಯುತ್ತಿದ್ದುದರಿಂದ ನೆಲಕ್ಕೆ ಮೂಲೆಯ ತೂಬಿನ ಕಡೆಗೆ ವಾಟ ಇತ್ತು. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿದಾಗ ಆ ಮೂಲೆ ಅರ್ಧ ಇಂಚಿಗಿಂತ ತುಸು ಹೆಚ್ಚೇ ತಗ್ಗಿತ್ತು. ತೂಬನ್ನು ಈಗಾಗಲೇ ಮುಚ್ಚಿದ್ದರಿಂದ ಆ ವಾಟ ಅನಗತ್ಯ. ಅಂಟನ್ನೇ ದಪ್ಪಗೆ ಹಾಕಿ ತಗ್ಗನ್ನು ತುಂಬಿಸುವುದು ಸರಿಯಲ್ಲ. ದಪ್ಪ ಹೆಚ್ಚಿದಷ್ಟೂ ಅಂಟು ಒಣಗುವಾಗ ಕುಗ್ಗಿ ಟೈಲ್ಸನ್ನು ಕೆಳಗೆಳೆಯುತ್ತದೆ. ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಎಂ-ಸ್ಯಾಂಡಿಗೆ (ಕಲ್ಲು ಪುಡಿಮಾಡಿ ತಯಾರಿಸಿದ ಹೊಯಿಗೆಗೆ) ನೀರಿನೊಂದಿಗೆ ಲ್ಯಾಟೆಕ್ಸ್ ಬೆರೆಸಿದ ಗಾರೆಯಿಂದ ಮೂಲೆಯನ್ನು ಎತ್ತರಿಸಿ, ಒಂದು ವಾರ ಒದ್ದೆ ಗೋಣಿ ಹೊದಿಸಿಟ್ಟೆವು. ಹೊಳೆಯ ಬಾಯಿಗೆ ಹತ್ತಿರದಲ್ಲಿ ಸಿಗುವ ಹೊಯಿಗೆಯಲ್ಲಿ ಉಪ್ಪಿನಂಶವಿರುವ ಸಾಧ್ಯತೆಯಿದ್ದುದರಿಂದ ಅದನ್ನು ಬಳಸಲಿಲ್ಲ. ನೀರೂ ಕುಡಿಯಲು ಯೋಗ್ಯವಾದದ್ದೇ ಇರಬೇಕು. ಬೇಸಗೆಯ ಕೊನೆಗೆ ಉಪ್ಪಾಗುವ ಬಾವಿಗಳು ಈ ಭಾಗದಲ್ಲಿ ಸಾಕಷ್ಟಿವೆ.

ಟೈಲ್ಸಿನ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ನಮ್ಮ ಅಂಗಡಿಗಳಿಗೆ ಬರುವ ಬಹುತೇಕ ಮಾಲು ಗುಜರಾತಿನ ಮೊರ್ಬಿಯದು. ಹೊಳಪಿಲ್ಲದ, ಕಾಲು ಜಾರದ, ತಿಳಿ ಬೂದು ಬಣ್ಣದ, 396 ಮಿ.ಮೀ. ಚೌಕದ, ಅಂದರೆ ಅಂಗಡಿಯವರು 16 ಇಂಚು ಎನ್ನುವ ಟೈಲ್ಸನ್ನು ಆರಿಸಿದೆವು. ಮಳೆ ಹಿಡಿಯುವ ಹೊತ್ತಿಗೆ ಗಾಳಿಯ ತೇವ ತಂಪಾದ ನೆಲದ ಮೇಲೆ ಕೂತು ನೆಲವೇ ಬೆವರುವ ನಮ್ಮ ಊರಿನಲ್ಲಿ, ಮಿರಮಿರ ಮಿಂಚುವ ಟೈಲ್ಸನ್ನು ಅಡುಗೆಮನೆಗೆ ಹಾಕುವವರ ಧೈರ್ಯವನ್ನು ಮೆಚ್ಚಬೇಕು. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಇದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಎರಡು ಟೈಲ್ಸನ್ನು ಮುಖಕ್ಕೆ ಮುಖ ತಾಗಿಸಿ ಹಿಡಿದರೆ ಮೈ ಬಾಗಿದ್ದು ಕೂಡಲೇ ತಿಳಿಯುತ್ತದೆ. ಅಲ್ಪಸ್ವಲ್ಪ ಬಾಗು ಎಲ್ಲದರಲ್ಲಿಯೂ ಇರುವುದರಿಂದ, ಇಟ್ಟಿಗೆಯಂತೆ ಅರ್ಧಕ್ಕೆ ಅರ್ಧ ಜೋಡಿಸದೆ ನೇರ ಸಾಲಿನಲ್ಲಿ ಹಾಕುವುದೇ ಕ್ಷೇಮ.

ಎಷ್ಟು ಟೈಲ್ಸ್ ಬೇಕೆಂಬ ಲೆಕ್ಕವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೋಣೆಯ ವಿಸ್ತೀರ್ಣ 120 ಚದರಡಿ. ಅದನ್ನು ಒಂದು ಟೈಲ್ಸಿನ ವಿಸ್ತೀರ್ಣದಿಂದ ಭಾಗಿಸಿದರೆ ಸುಮಾರು 71 ಬರುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಹೇಳುವ ಹತ್ತು ಶೇಕಡಾ ಸೇರಿಸಿದರೆ 78. ಆದರೆ ನೆಲದ ಮೇಲೆ ಗೆರೆ ಎಳೆದು ನೋಡಿದಾಗ ಚಿತ್ರ ಬೇರೆಯೇ ಆಯಿತು. ಹನ್ನೆರಡು ಅಡಿಯ ಅಗಲದಲ್ಲಿ 3 ಮಿ.ಮೀ. ಸಂದು ಬಿಟ್ಟು, ಗೋಡೆಯ ಎರಡೂ ಬದಿಯಲ್ಲಿ 6 ಮಿ.ಮೀ. ಖಾಲಿ ಇಟ್ಟರೆ, ಒಂಬತ್ತು ಇಡೀ ಟೈಲ್ಸ್ ಕೂತು ಕೊನೆಯಲ್ಲಿ 55 ಮಿ.ಮೀ. ಅಗಲದ ಸಣ್ಣ ಪಟ್ಟಿ ಉಳಿಯುತ್ತದೆ. ಅದು ನೋಡಲೂ ಚೆನ್ನಲ್ಲ, ಕತ್ತರಿಸುವಾಗ ಒಡೆಯುವುದೂ ಹೆಚ್ಚು. ಆದ್ದರಿಂದ ನಡುವೆ ಎಂಟು ಇಡೀ ಟೈಲ್ಸ್ ಇಟ್ಟು, ಎರಡೂ ಗೋಡೆಗಳ ಬದಿಗೆ ಸುಮಾರು 225 ಮಿ.ಮೀ. ತುಂಡುಗಳು ಬರುವಂತೆ ಸರಿಸಿದೆವು. ಹತ್ತು ಅಡಿಯ ಆಳದಲ್ಲಿ ಬಾಗಿಲ ಬದಿಯಿಂದ ಏಳು ಇಡೀ ಟೈಲ್ಸ್, ಕೊನೆಗೆ ಅಡುಗೆ ಕಟ್ಟೆಯ ಅಡಿಯಲ್ಲಿ ಕಾಣದಂತೆ ಸುಮಾರು 240 ಮಿ.ಮೀ. ತುಂಡು. ಒಂದು ಟೈಲ್ಸಿನಿಂದ 225ರ ಎರಡು ತುಂಡು ಹೊರಡುವುದಿಲ್ಲ. ಹೀಗೆ ಪ್ರತಿ ಜಾಗಕ್ಕೂ ಒಂದೊಂದು ಟೈಲ್ಸ್ ಬೇಕಾಗಿ, ಅಡ್ಡಕ್ಕೆ ಹತ್ತು, ಉದ್ದಕ್ಕೆ ಎಂಟು, ಒಟ್ಟು 80 ಆಯಿತು. ಅಂದರೆ ಶೇಕಡಾವಾರು ಲೆಕ್ಕದಲ್ಲಿ ತಂದಿದ್ದರೆ ಒಂದೂ ಒಡೆಯದಿದ್ದರೂ ಎರಡು ಕಡಿಮೆ ಬೀಳುತ್ತಿತ್ತು. ಪೆಟ್ಟಿಗೆಗೆ ಐದರಂತೆ 18 ಪೆಟ್ಟಿಗೆ ತಂದೆವು. ಕತ್ತರಿಸಿ ಉಳಿದ 150ರಿಂದ 170 ಮಿ.ಮೀ. ತುಂಡುಗಳನ್ನು ಎಸೆಯದೆ 100 ಮಿ.ಮೀ. ಪಟ್ಟಿಗಳಾಗಿ ಮಾಡಿದ್ದರಿಂದ, ಕಟ್ಟೆಯ ಬದಿಯನ್ನು ಬಿಟ್ಟು ಉಳಿದ ಮೂರು ಗೋಡೆಗಳ ಸ್ಕರ್ಟಿಂಗಿಗೆ (ಗೋಡೆಯ ಬುಡದ ಪಟ್ಟಿಗೆ) ಹೆಚ್ಚುಕಡಿಮೆ ಸಾಕಾಯಿತು.

ಮೂಲೆಗಳು ಚೌಕವಾಗಿರಲಿಲ್ಲ, ಹಳೆಯ ಮನೆಯಲ್ಲಿ ಅದನ್ನು ನಿರೀಕ್ಷಿಸುವುದೂ ತಪ್ಪು. ಗೋಡೆಯನ್ನು ನಂಬದೆ, ಬಾಗಿಲಿನ ದಾರಂದಕ್ಕೆ ಸಮಾನಾಂತರವಾಗಿ ಒಂದು ನೂಲು ಕಟ್ಟಿ, ಆರು, ಎಂಟು, ಹತ್ತು ಅಡಿಗಳ ತ್ರಿಕೋನದಿಂದ ಅದಕ್ಕೆ ಲಂಬವಾದ ಇನ್ನೊಂದು ಗೆರೆ ಹಾಕಿದೆವು. ಒಂದು ಗೋಡೆ ಮುಕ್ಕಾಲು ಇಂಚು ಓರೆಯಿದ್ದದ್ದು ಆಗ ಗೊತ್ತಾಯಿತು. ಆ ಓರೆಯನ್ನೆಲ್ಲ ಫ್ರಿಜ್ ನಿಲ್ಲುವ ಬದಿಯ ತುಂಡುಗಳು ನುಂಗಿಕೊಂಡವು.

ಅಂಟು 20 ಕೆ.ಜಿ. ಚೀಲಗಳಲ್ಲಿ ಬರುತ್ತದೆ. ಟೈಲ್ಸಿನ ಅಂಟಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದ್ದು, ಅದರ ಪ್ರಕಾರದ ವರ್ಗ ಚೀಲದ ಮೇಲೆ ಅಚ್ಚಾಗಿರುತ್ತದೆ. ಹೊಸ ಕಾಂಕ್ರೀಟಿನ ಮೇಲೆ ಸೆರಾಮಿಕ್ ಹಾಕುವುದಕ್ಕೆ ಮೊದಲ ವರ್ಗವೇ ಸಾಕು. ಹಳೆಯ ನೆಲದ ಮೇಲೆ ಹಾಕುವುದರಿಂದ ಪಾಲಿಮರ್ ಹೆಚ್ಚಿರುವ ಮೇಲಿನ ವರ್ಗದ್ದನ್ನು ತಂದೆವು. ಹತ್ತು ಮಿ.ಮೀ. ಹಲ್ಲುಗಳಿರುವ ಕರಣೆಯಲ್ಲಿ ಎಳೆದರೆ ಈ ಕೋಣೆಗೆ ನಾಲ್ಕು ಚೀಲ ಹಿಡಿಯುತ್ತದೆ. ಚೀಲಕ್ಕೆ ಸುಮಾರು ಐದು ಲೀಟರ್ ನೀರು. ಮೊದಲು ನೀರು, ಆಮೇಲೆ ಪುಡಿ. ಕಲಸಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಬೇಕು. ಅನಂತರ ಗಟ್ಟಿಯಾಯಿತೆಂದು ನೀರು ಸೇರಿಸುವ ಹಾಗಿಲ್ಲ.

ನೆಲವನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಕರಣೆಯ ನೇರ ಬದಿಯಿಂದ ಅಂಟನ್ನು ಮೊದಲು ಒತ್ತಿ ಸವರಿ, ಮೇಲೆ ಇನ್ನಷ್ಟು ಹಾಕಿ, ಹಲ್ಲಿನ ಬದಿಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ರಂಗೋಲಿಯಂತೆ ಸುತ್ತಿಸಿ ಎಳೆದರೆ ಗೆರೆಗಳ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಟೈಲ್ಸಿನ ಬೆನ್ನಿಗೂ ತೆಳುವಾಗಿ ಅಂಟು ಸವರಿ, ಗೆರೆಗಳ ಮೇಲಿಟ್ಟು, ಗೆರೆಗೆ ಅಡ್ಡವಾಗಿ ಒಂದಿಷ್ಟು ಆಚೀಚೆ ಜಾರಿಸಿ ಒತ್ತಿದರೆ ಗೆರೆಗಳು ಒಂದರ ಮೇಲೊಂದು ಬಿದ್ದು ನಡುವಿನ ಗಾಳಿ ಹೊರಹೋಗುತ್ತದೆ. ಮೊದಲ ಸಾಲಿನಲ್ಲಿ ಒಂದು ಟೈಲ್ಸನ್ನು ಕೂರಿಸಿದ ಕೂಡಲೇ ಎಬ್ಬಿಸಿ ಮೇಸ್ತ್ರಿಗಳಿಗೆ ತೋರಿಸಿದೆ. ಬೆನ್ನಿನ ಚೌಕುಳಿಗಳೊಳಗೆಲ್ಲ ಬೂದು ಅಂಟು ತುಂಬಿ, ಒಂದು ಮೂಲೆಯಲ್ಲಿ ಹೆಬ್ಬೆರಳಗಲದ ಕೆಂಪು ಜಾಗ ಮಾತ್ರ ಖಾಲಿಯಿತ್ತು. ಒಣ ಕೋಣೆಯಲ್ಲಿ ಕನಿಷ್ಠ 80, ನೀರು ಬೀಳುವಲ್ಲಿ 95 ಶೇಕಡಾ ತುಂಬಿರಬೇಕೆಂಬುದು ಈ ವೃತ್ತಿಯ ನಿಯಮ. ಗಾರೆಯನ್ನು ನಡುವೆ ಗುಡ್ಡೆ ಹಾಕಿ ಮೇಲಿನಿಂದ ಒತ್ತುವ ಕ್ರಮದಲ್ಲಿ ಮೂಲೆಗಳು ಯಾವಾಗಲೂ ಖಾಲಿಯೇ ಉಳಿಯುತ್ತವೆ; ಗ್ಯಾಸ್ ಸಿಲಿಂಡರ್ ಇಳಿಸಿದಾಗ ಒಡೆಯುವುದೂ ಆ ಮೂಲೆಯೇ. ಮೇಸ್ತ್ರಿಗಳು ಆ ಟೈಲ್ಸನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಹೇಳದೆ, ಮುಂದಿನದಕ್ಕೆ ತಾವೇ ಮೂಲೆಮೂಲೆಗೂ ಅಂಟು ಸವರಲು ತೊಡಗಿದರು.

ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಹರಡಿದ ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ. ಬೆರಳಿಟ್ಟು ನೋಡಿದಾಗ ಅಂಟದೆ ಹೋದರೆ ಅದರ ಮೇಲೆ ಟೈಲ್ಸ್ ಇಡದೆ, ಕೆರೆದು ತೆಗೆದು ಹೊಸತಾಗಿ ಹಾಕಬೇಕು. ಅದಕ್ಕಾಗಿ ಫ್ಯಾನ್ ನಿಲ್ಲಿಸಿ, ಒಮ್ಮೆಗೆ ಮೂರ್ನಾಲ್ಕು ಟೈಲ್ಸಿಗೆ ಬೇಕಾದಷ್ಟೇ ಹರಡಿ, ಬೆಳಗಿನ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡಿದೆವು. ರಸಮಟ್ಟವನ್ನು ಎರಡು ಮೂರು ಟೈಲ್ಸಿಗೆ ಸೇರಿಸಿ ಇಟ್ಟು, ಎತ್ತರವಿದ್ದುದನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ, ತಗ್ಗಿದ್ದುದನ್ನು ಎಬ್ಬಿಸಿ ಅಂಟು ಸೇರಿಸಿ ಕೂರಿಸಬೇಕು. ತಗ್ಗಿದ ಟೈಲ್ಸಿನ ಪಕ್ಕದವನ್ನು ಬಡಿದು ಸಮ ಮಾಡುವ ಆಸೆ ಬೇಡ. ಸಂದಿನಲ್ಲಿ ಮೇಲೆದ್ದ ಅಂಟನ್ನು ಹಸಿಯಿರುವಾಗಲೇ ಕೆದಕಿ ತೆಗೆಯದಿದ್ದರೆ ಮುಂದೆ ಗ್ರೌಟಿಗೆ (ಸಂದು ತುಂಬುವ ಮಿಶ್ರಣಕ್ಕೆ) ಜಾಗವಿರುವುದಿಲ್ಲ.

ನೇರ ತುಂಡುಗಳಿಗೆ ಕೈಯಿಂದ ಎಳೆಯುವ ಟೈಲ್ ಕಟ್ಟರ್ ಸಾಕು: ಒಂದೇ ಎಳೆತದಲ್ಲಿ ಗೀರಿ, ಹಿಡಿಯನ್ನು ಒತ್ತಿದರೆ ಟಕ್ಕನೆ ಎರಡಾಗುತ್ತದೆ. ಎರಡೆರಡು ಸಲ ಗೀರಿದರೆ ಅಂಚು ಚಕ್ಕೆ ಏಳುತ್ತದೆ. ದಾರಂದದ ಸುತ್ತ ಎಲ್ ಆಕಾರದ ತುಂಡಿಗೂ ಸಿಂಕಿನ ಪೈಪಿನ ತೂತಿಗೂ ಗ್ರೈಂಡರ್ ಬೇಕಾಯಿತು. ಅದನ್ನು ಅಂಗಳದಲ್ಲಿ ನೀರು ಚಿಮುಕಿಸುತ್ತ ಮಾಡಿದ್ದರಿಂದ, ವಿದ್ಯುತ್ ಸೋರಿಕೆಯಾದರೆ ತಾನಾಗಿ ಬೀಳುವ ಸ್ವಿಚ್ ಇರುವ ಲೈನಿನಿಂದಲೇ ಸಂಪರ್ಕ ಕೊಟ್ಟೆವು.

ಮರುದಿನ ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟಿ ಸದ್ದು ಕೇಳಿ, ಗೋಡೆಯ ಬದಿಯ 6 ಮಿ.ಮೀ. ಖಾಲಿ ಜಾಗವನ್ನು ಬಿಟ್ಟು ಉಳಿದ ಸಂದುಗಳಿಗೆ ಗ್ರೌಟ್ ತುಂಬಿದೆವು. ಆ ಖಾಲಿ ಜಾಗಕ್ಕೆ ಸಿಮೆಂಟು ತುಂಬಿಬಿಡುವುದು ಸಾಮಾನ್ಯವಾಗಿ ಕಾಣುವ ಪದ್ಧತಿ. ಟೈಲ್ಸ್ ಬಿಸಿಲಿಗೆ, ತೇವಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಸಂದಿಲ್ಲದೆ ಒತ್ತೊತ್ತಾಗಿ ಹಾಕಿ ಗೋಡೆಗೂ ತಾಗಿಸಿದ ನೆಲ ಒಂದು ದಿನ ದೊಡ್ಡ ಸದ್ದಿನೊಂದಿಗೆ ಎದ್ದು ನಿಲ್ಲುವುದಕ್ಕೆ ಇದೇ ಕಾರಣ. ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಅರಸಿನ, ಪುನರ್ಪುಳಿಗಳ ಕಲೆ ಹಿಡಿಯದೆಂಬುದು ನಿಜ, ಆದರೆ ಸಿಂಕಿನ ಸುತ್ತ ಬಿಟ್ಟು ಉಳಿದೆಡೆ ಪಾಲಿಮರ್ ಬೆರೆತ ಸಿಮೆಂಟಿನ ಗ್ರೌಟನ್ನೇ ಆರಿಸಿದೆ. ಮುರಕಲ್ಲಿನ ಪಂಚಾಂಗದ ಮೇಲಿನ ನೆಲದಿಂದ ಅಲ್ಪಸ್ವಲ್ಪ ತೇವ ಹೊರಹೋಗಲು ದಾರಿ ಇರುವುದು ಒಳ್ಳೆಯದು. ಬಣ್ಣ ಗಾಢ ಬೂದು. ಅಂಗಳದ ಕೆಂಪು ಮಣ್ಣು ಕಾಲಿಗಂಟಿ ಬರುವ ಮನೆಗೆ ಬಿಳಿಯ ಗ್ರೌಟ್ ಒಂದು ಮಳೆಗಾಲವೂ ಬಿಳಿಯಾಗಿರುವುದಿಲ್ಲ. ರಬ್ಬರ್ ಹಲಗೆಯನ್ನು ಸಂದಿಗೆ ಓರೆಯಾಗಿ ಎಳೆದು ತುಂಬಿ, ಕಾಲು ಗಂಟೆಯ ಬಳಿಕ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಬೇಕು. ಸ್ಪಂಜಿನಲ್ಲಿ ನೀರು ಹೆಚ್ಚಾದರೆ ಗ್ರೌಟಿನ ಬಣ್ಣ ಅಲ್ಲಲ್ಲಿ ಮಾಸುತ್ತದೆ.

ಕೊನೆಗೆ ಸ್ಕರ್ಟಿಂಗ್. ಕತ್ತರಿಸಿದ ಅಂಚನ್ನು ಕೆಳಗಿಟ್ಟು, ಕಾರ್ಖಾನೆಯ ನಯವಾದ ಅಂಚು ಮೇಲೆ ಕಾಣುವಂತೆ ಗೋಡೆಗೆ ಅಂಟಿಸಿದ ಪಟ್ಟಿಗಳು ಆ ಖಾಲಿ ಜಾಗವನ್ನು ಮುಚ್ಚಿಕೊಂಡವು. ಪಟ್ಟಿ ಮತ್ತು ನೆಲದ ನಡುವಿನ ಗೆರೆಗೆ ಗ್ರೌಟಿನ ಬದಲು ಅದೇ ಬಣ್ಣದ ಸಿಲಿಕೋನ್ ಎಳೆದೆವು. ಫ್ರಿಜ್, ಗ್ರೈಂಡರ್ ಕಲ್ಲು ಮುಂತಾದ ಭಾರಗಳನ್ನು ಕೆಲವು ದಿನ ಹೊರಗೇ ಇಟ್ಟು, ಒಳತರುವಾಗ ಪ್ಲೈವುಡ್ ಹಾಸಿ ಅದರ ಮೇಲೆ ಸರಿಸಿದೆವು.

ಮಳೆ ಶುರುವಾದ ಮೇಲೆ ಮೂಡು ಗೋಡೆಯ ಬದಿಯ ಒಂದೆರಡು ಸಂದುಗಳಲ್ಲಿ ತೆಳುವಾದ ಬಿಳಿ ಪುಡಿ ಕಾಣಿಸಿಕೊಂಡಿತು. ಅದು ಒಳಗಿನ ಉಪ್ಪು. ಒಣ ಬ್ರಷ್ಷಿನಿಂದ ಗುಡಿಸಿ ತೆಗೆದರೆ ಸಾಕು. ನೀರು ಹಾಕಿದರೆ ಕರಗಿ ಮತ್ತೆ ಒಳಗಿಳಿಯುತ್ತದೆ, ಅಂಗಡಿಯಲ್ಲಿ ಸಿಗುವ ಆಸಿಡ್ ಹಾಕಿದರೆ ಉಪ್ಪಿನೊಡನೆ ಗ್ರೌಟೂ ಕರಗುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವ ಹೊತ್ತಿಗೆ ಪುಡಿ ಬರುವುದು ಕಡಿಮೆಯಾಯಿತು. ಉಳಿದ ಟೈಲ್ಸನ್ನು ಬ್ಯಾಚ್ ಸಂಖ್ಯೆಯಿರುವ ಪೆಟ್ಟಿಗೆಯಲ್ಲೇ, ಅರ್ಧ ಡಬ್ಬಿ ಗ್ರೌಟಿನೊಂದಿಗೆ, ಅಟ್ಟದ ಮೇಲಿಟ್ಟಿದ್ದೇನೆ.